ಮೇಷ್ಟ್ರ ಬಿಳಿ ಮಿಠಾಯಿ

ಫೆಬ್ರವರಿ ೯, ಭಾನುವಾರ

ಪ್ರೀತಿಯ ಮರಿಗೆ,

ನೀನು, ನಿನ್ನ ಮನೆಯವರು, ಮಕ್ಕಳು ಎಲ್ಲರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಮೆಸೇಜಿಗೆ ಉತ್ತರ ಕೊಡಲು ಇಷ್ಟು ದಿನ ಆಯಿತು, ತಪ್ಪು ತಿಳಿಯಬೇಡ. ನರ್ಸಿಂಗ್ ಕಾಲೇಜಿನ ಬಿಳಿ ಕೋಟುಗಳ ಕೆಲಸ ಬಂದಿತ್ತು. ಮುಂದಿನ ಕೋಣೆ ತುಂಬ ಬಿಳಿ ಬಟ್ಟೆ, ಕಾಲಿಡಲು ಜಾಗವಿಲ್ಲ. ಎರಡು ಹೊಲಿಗೆ ಯಂತ್ರಗಳಲ್ಲಿ ಒಂದು ಮುಷ್ಕರ ಹೂಡಿದೆ. ಇದೆಲ್ಲ ನಿಜವೇ, ಆದರೂ ನೆಪ. ಕೋಪ ಇಳಿದ ಮೇಲೆ ಬರೆಯೋಣ ಎಂದು ಕಾದೆ. ಇಳಿಯಲಿಲ್ಲ. ಹಾಲು ಉಕ್ಕಿದರೆ ಉರಿ ಸಣ್ಣ ಮಾಡಬಹುದು, ಇದಕ್ಕೆ ಆ ಗುಂಡಿ ಎಲ್ಲಿದೆಯೋ ಸಿಗಲಿಲ್ಲ. ಹಾಗಾಗಿ ಕೋಪದಲ್ಲೇ ಬರೆಯುತ್ತಿದ್ದೇನೆ, ಕೂತು ಓದು.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಾನು ಬಾಯಿ ತೆಗೆದರೆ "ಅಕ್ಕಾ, ಸಿಗ್ನಲ್ ಇಲ್ಲ" ಅಂದುಬಿಡುತ್ತೀ. ಕಾಗದಕ್ಕೆ ಸಿಗ್ನಲ್ ಬೇಕಾಗಿಲ್ಲ.

"ಅಕ್ಕಾ, ಅಪ್ಪನ ಮಾನ ಹತ್ತು ಜನರ ಮುಂದೆ ಹರಾಜು ಹಾಕಿದೆಯಂತೆ. ಈ ವಯಸ್ಸಲ್ಲಿ ಅವರಿಗೆ ಏನು ಗೊತ್ತಾಗುತ್ತೆ? ಕೇಂದ್ರದ ಮೇಡಂ ಫೋನಿನಲ್ಲಿ ಅತ್ತರು. ನಿನ್ನ ಮನಸ್ಸು ಯಾಕಿಷ್ಟು ಕಲ್ಲಾಯಿತು?" ಎಂದು ಬರೆದಿದ್ದೀ. ಅಪ್ಪನ ಕ್ಷಮೆ ಕೇಳು ಎಂದು ಸೇರಿಸಿ, ಕೊನೆಗೆ ಕೈ ಮುಗಿಯುವ ಗೊಂಬೆ ಬೇರೆ ಹಾಕಿದ್ದೀ. ಮೇಡಂ ಅತ್ತರು ಎಂದು ನಿನಗೆ ಸಂಕಟವಾಯಿತು. ನಾನು ಅತ್ತೆನೋ ಇಲ್ಲವೋ ಎಂದು ಕೇಳಬೇಕೆಂದು ನಿನಗೆ ತೋಚಲಿಲ್ಲ. ಇರಲಿ. ಏನಾಯಿತು ಎಂದು ಮೊದಲಿನಿಂದ ಹೇಳುತ್ತೇನೆ. ಆಮೇಲೆ ಕಲ್ಲು ಅನ್ನು, ಕಬ್ಬಿಣ ಅನ್ನು.

ಅಪ್ಪನಿಗೆ ಮರೆವಿನ ಕಾಯಿಲೆ ಹತ್ತಿದ ಮೇಲೆ ನಾವು ಅವರನ್ನು ಹಗಲಿನಲ್ಲಿ ವೃದ್ಧರ ಕೇಂದ್ರಕ್ಕೆ ಬಿಡುತ್ತೇವೆ, ನಿನಗೆ ಗೊತ್ತು. ಬೆಳಗ್ಗೆ ನಿನ್ನ ಭಾವ ಮೋಟಾರ್ ರಿಪೇರಿ ಅಂಗಡಿಗೆ ಹೋಗುವಾಗ ಬಿಡುತ್ತಾರೆ, ಸಂಜೆ ನಾನು ಹೋಗಿ ಕರೆತರುತ್ತೇನೆ. ಆ ಕೇಂದ್ರ ಇಲ್ಲದಿದ್ದರೆ ನಾನು ಒಂದು ಗುಂಡಿ ಕೂಡ ಹೊಲಿಯಲಾರೆ. ಸೂಜಿ ಕಂಡರೆ ಎತ್ತಿಕೊಳ್ಳುತ್ತಾರೆ, ಕತ್ತರಿ ಕಂಡರೆ ದಿಂಬಿನ ಕೆಳಗೆ ಇಡುತ್ತಾರೆ. ಅಲ್ಲಿ ಅವರಿಗೆ ಒಳ್ಳೆಯ ಹೆಸರು. ಎಲ್ಲರಿಗೂ ಬೆನ್ನು ನೆಟ್ಟಗೆ ಮಾಡಿ ಕೂರಲು ಹೇಳಿಕೊಡುತ್ತಾರೆ, ಬೆಳಗ್ಗೆ ಕೈಕಾಲು ಆಡಿಸುತ್ತಾರೆ. "ನಮ್ಮ ಡ್ರಿಲ್ ಮೇಷ್ಟ್ರು ಇಲ್ಲದಿದ್ದರೆ ಕೇಂದ್ರಕ್ಕೆ ಕಳೆಯೇ ಇಲ್ಲ" ಎನ್ನುತ್ತಾರೆ ಮೇಡಂ. ಬೇರೆಯವರ ಮಕ್ಕಳಿಗೆ ಅವರು ಯಾವತ್ತೂ ಒಳ್ಳೆಯ ಮೇಷ್ಟ್ರೇ. ಊರಿಗೆ ಉಪಕಾರಿ, ಮನೆಗೆ ಮಾರಿ.

ಕೆಲವು ತಿಂಗಳುಗಳಿಂದ ಅವರು ಅಲ್ಲಿ ಒಂದು ಕಥೆ ಹೇಳಲು ಶುರು ಮಾಡಿದ್ದರು. ಹೆಂಡತಿ ಮಕ್ಕಳಿಗೆ ತಾವೇ ಕೈಯಾರೆ ಬಿಳಿ ಮಿಠಾಯಿ ಮಾಡಿಕೊಡುತ್ತಿದ್ದರಂತೆ. ಮೊಟ್ಟೆಯ ಬಿಳಿ ಕಡೆದು, ಪಾಕ ಹೊಯ್ದು, ಅಕ್ರೋಟು ಹಾಕಿ. "ಅವಳಿಗೆ ಕೈನೋವು, ಪಾಪ. ನೀನು ಕೂತ್ಕೊ, ನಾನು ಕಡೀತೀನಿ ಅಂತಿದ್ದೆ." ಇದು ಅವರ ಮಾತು. ಮೊದಲ ಸಲ ಕೇಳಿದಾಗ ನಾನು ಅವರ ಚಪ್ಪಲಿಯ ಪಟ್ಟಿ ಹಾಕುತ್ತಿದ್ದೆ. ತಲೆ ಎತ್ತಿ ನೋಡಿದೆ. ಕಣ್ಣು ತುಂಬ ಪ್ರೀತಿ ತುಂಬಿಕೊಂಡು ಹೇಳುತ್ತಿದ್ದಾರೆ! ಸುಳ್ಳು ಹೇಳುವವರ ಮುಖ ಹಾಗಿರುವುದಿಲ್ಲ. ಸುಳ್ಳಾದರೂ ಹೇಳಿದ್ದರೆ ಬೈಯುತ್ತಿದ್ದೆ.

ಕಾಯಿಲೆ ಎಂದು ನುಂಗಿಕೊಂಡೆ. ಆದರೆ ನೀನೇನು ಮಾಡಿದೆ? ಮೇಡಂ ಫೋನ್ ಮಾಡಿ ಕೇಳಿದರೆ, "ಹೌದು ಮೇಡಂ, ನನಗೂ ನೆನಪಿದೆ. ಅಪ್ಪ ಸೀಟಿ ಊದ್ತಾ ಇದ್ರು, ಬಿಳಿ ಮಿಠಾಯಿ, ನಾವೆಲ್ಲ ಚಪ್ಪಾಳೆ ತಟ್ತಾ ಇದ್ವಿ" ಎಂದೆಯಂತೆ. ಮೇಡಂ ಕುಣಿದಾಡಿಬಿಟ್ಟರು. ಕುಟುಂಬದವರೆಲ್ಲ ಬರುವ ದಿನ ಒಂದು ಕಾರ್ಯಕ್ರಮ ಇಟ್ಟೇ ಬಿಟ್ಟರು. ಮೇಷ್ಟ್ರು ಮಗಳ ಜೊತೆ ನಿಂತು ಎಲ್ಲರ ಮುಂದೆ ಬಿಳಿ ಮಿಠಾಯಿ ಮಾಡಿ ತೋರಿಸುತ್ತಾರೆ!

"ನಮ್ಮಪ್ಪನಿಗೆ ಬರಲ್ಲ ಮೇಡಂ" ಎಂದೆ.

"ನಿಮ್ಮ ತಂಗಿ ಬರುತ್ತೆ ಅಂದ್ರಲ್ಲ?"

"ಅವಳಿಗೆ ಆಗ ಮೂರು ವರ್ಷ."

"ಮೂರು ವರ್ಷದ ಮಗುಗೂ ನೆನಪಿದೆ ಅಂದ್ರೆ ನೋಡಿ, ಎಂಥಾ ಪ್ರೀತಿ ಇರಬೇಕು!" ಎಂದರು. ಅಪ್ಪ ಪಕ್ಕದಲ್ಲೇ ಕೂತು ಬೊಚ್ಚುಬಾಯಿ ಅಗಲಿಸಿ ನಗುತ್ತಿದ್ದರು. ಇಲ್ಲ ಎಂದರೆ ಮೇಡಂ ಮುಖ ಸಣ್ಣದಾಗುತ್ತದೆ, ಅವರ ಮುಖ ಸಣ್ಣದಾದರೆ ಅಪ್ಪನ ಜಾಗಕ್ಕೆ ಕಾದಿರುವವರು ಬೇಕಾದಷ್ಟು ಜನ ಇದ್ದಾರೆ. ನಿನ್ನ ಭಾವ, "ಒಂದು ದಿನದ ಮಾತು ಕಣೇ, ಹೂಂ ಅಂದುಬಿಡು" ಎಂದರು. ಹೂಂ ಅಂದುಬಿಟ್ಟೆ.

ಅಮ್ಮನ ಜೊತೆ ನಿಂತು ಮಾಡಿದ್ದು ಬಿಟ್ಟರೆ ನಾನು ಆ ಮಿಠಾಯಿಯನ್ನು ಮತ್ತೆ ಮಾಡಿರಲೇ ಇಲ್ಲ. ಆದರೂ ಕೈಗೆ ಎಲ್ಲ ನೆನಪಿತ್ತು. ಹಳದಿ ಒಂದು ತೊಟ್ಟು ಬಿದ್ದರೂ ಬಿಳಿ ಉಬ್ಬುವುದಿಲ್ಲ, ಪಾತ್ರೆಯಲ್ಲಿ ಜಿಡ್ಡಿನ ಪಸೆ ಇದ್ದರೂ ಉಬ್ಬುವುದಿಲ್ಲ. ಕಡೆಯುತ್ತಾ ಹೋದರೆ ಮೊದಲು ಸೋಪಿನ ನೊರೆಯ ಹಾಗೆ, ಆಮೇಲೆ ಹತ್ತಿಯ ಹಾಗೆ, ಕೊನೆಗೆ ಪಾತ್ರೆ ತಲೆಕೆಳಗು ಹಿಡಿದರೂ ಬೀಳದ ಹಾಗೆ ನಿಲ್ಲಬೇಕು. ಅತ್ತ ಒಲೆಯ ಮೇಲೆ ಸಕ್ಕರೆ ಪಾಕ ಎಳೆ ದಾಟಿ, ತಣ್ಣೀರಿಗೆ ಬಿಟ್ಟರೆ ಗಟ್ಟಿ ಉಂಡೆಯಾಗಿ ನಿಲ್ಲಬೇಕು. ಆಮೇಲೆ ಆ ಸುಡುಪಾಕವನ್ನು ದಾರದಷ್ಟು ಸಣ್ಣ ಧಾರೆಯಲ್ಲಿ ಬಿಳಿಗೆ ಹೊಯ್ಯುತ್ತಾ ಕಡೆಯಬೇಕು. ಒಮ್ಮೆಲೇ ಸುರಿದರೆ ಮೊಟ್ಟೆ ಬೆಂದುಹೋಗುತ್ತದೆ. ಹೊಯ್ದಾದ ಮೇಲೂ ಕಡೆಯುತ್ತಲೇ ಇರಬೇಕು, ಹೊಳಪು ಹೋಗಿ ಮಂಕಾಗುವ ತನಕ. ಆ ಗಳಿಗೆ ತಪ್ಪಿತೋ, ಪಾತ್ರೆಯಲ್ಲೇ ಕಲ್ಲಾಗಿ ಕೂತುಬಿಡುತ್ತದೆ. ಹಿಡಿದರೆ ಅಕ್ರೋಟು ಬೆರೆಸಿ, ಎರಡು ಚಮಚದಲ್ಲಿ ಎತ್ತಿ ಎತ್ತಿ ಬೆಣ್ಣೆ ಸವರಿದ ಕಾಗದದ ಮೇಲೆ ಇಡಬೇಕು, ಒಂದೊಂದಕ್ಕೂ ಮೇಲೊಂದು ಸುರುಳಿ ಬರುವ ಹಾಗೆ. ಅಮ್ಮನ ಸುರುಳಿ ಎಡಕ್ಕೆ ತಿರುಗುತ್ತಿತ್ತು. ನನ್ನದೂ ಎಡಕ್ಕೇ ತಿರುಗಿತು. ನೋಡಿ ಕೈ ಒಂದು ಗಳಿಗೆ ನಿಂತುಹೋಯಿತು.

ಅದು ಆಮೇಲಿನ ಮಾತು. ಮನೆಯಲ್ಲಿ ಮೊದಲು ಒಂದು ಸಲ ಮಾಡಿ ನೋಡಿದಾಗ ಕೆಟ್ಟೇ ಹೋಯಿತು. ಅಂದು ಮೋಡ ಮುಚ್ಚಿ ಗಾಳಿಯಲ್ಲಿ ಪಸೆ ಇತ್ತು. ಇದಕ್ಕೆ ಒಣ ಗಾಳಿಯೇ ಬೇಕು. ಅಲ್ಲದೆ ನಿನ್ನ ಭಾವ, "ಕೈ ಯಾಕೆ ನೋಯಿಸ್ಕೋತೀಯಾ, ತಂತ್ರಜ್ಞಾನ ಇರೋದು ಯಾಕೆ?" ಎನ್ನುತ್ತಾ ತಮ್ಮ ಗೋಡೆ ಕೊರೆಯುವ ಡ್ರಿಲ್ ಯಂತ್ರಕ್ಕೆ ಮೊಟ್ಟೆ ಕಡೆಯುವ ತಂತಿ ಸಿಕ್ಕಿಸಿ ಗುಂಡಿ ಒತ್ತಿದರು. ಗೋಡೆ, ಗಡಿಯಾರ, ಅವರ ಮೀಸೆ, ಎಲ್ಲ ಬಿಳಿ. "ಮನೆಗೆ ಒಂದು ಡ್ರಿಲ್ ಸಾಕಾಗಿತ್ತು" ಎಂದೆ. ಅವರು ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಅಪ್ಪ ಎದ್ದು ಬಂದು, ಪಾತ್ರೆಯಲ್ಲಿದ್ದ ಅಂಟಿಗೆ ಬೆರಳು ಅದ್ದಿ ನೆಕ್ಕಿ, ಮುಖ ಸಿಂಡರಿಸಿ, "ನಾನು ಮಾಡ್ತಿದ್ದಾಗ ಹೀಗಾಗ್ತಿರಲಿಲ್ಲ" ಎಂದರು.

ನನ್ನ ನಗು ಅಲ್ಲೇ ಸತ್ತಿತು, ಮರಿ. ಅವತ್ತೇ ನನ್ನೊಳಗೆ ಏನೋ ಕಡೆಯಲು ಶುರುವಾದದ್ದು.

ಈಗ ನಿನ್ನ ನೆನಪಿನ ವಿಷಯಕ್ಕೆ ಬರುತ್ತೇನೆ. ಸೀಟಿ, ಬಿಳಿ ಮಿಠಾಯಿ, ಚಪ್ಪಾಳೆ. ಮೂರೂ ನಿಜ. ನೀನು ಸುಳ್ಳು ಹೇಳಲಿಲ್ಲ. ಏನು ನಡೆಯಿತೆಂದು ನಾನು ನಿನಗೆ ಯಾವತ್ತೂ ಹೇಳಿರಲಿಲ್ಲ. ನೀನಾದರೂ ಒಂದು ಒಳ್ಳೆಯ ಅಪ್ಪನನ್ನು ಇಟ್ಟುಕೊಂಡಿರಲಿ ಎಂದು ಅಮ್ಮ ನನ್ನ ಬಾಯಿ ಕಟ್ಟಿದ್ದಳು. ಅಮ್ಮ ಹೋಗಿ ಇಷ್ಟು ವರ್ಷವಾಯಿತು. ಆ ಕಟ್ಟನ್ನು ಈಗ ಬಿಚ್ಚುತ್ತಿದ್ದೇನೆ.

ಅಪ್ಪ ಶಾಲೆಯ ತಂಡ ಕಟ್ಟಿಕೊಂಡು ಆಟಕ್ಕೆ ಬೇರೆ ಊರಿಗೆ ಹೋದಾಗ ಮಾತ್ರ ಅಮ್ಮ ಈ ಮಿಠಾಯಿ ಮಾಡುತ್ತಿದ್ದಳು. ಅವನಿದ್ದಾಗ ಮನೆಯಲ್ಲಿ ಅಪ್ಪಣೆಯಿಲ್ಲದೆ ಒಲೆ ಹಚ್ಚುವ ಹಾಗಿರಲಿಲ್ಲ. ಏಕವಚನ ಬಂತು, ನೋಡು. ಬರಲಿ ಬಿಡು. ಆ ದಿನದ ಮಾತು ಹೇಳುವಾಗ ಬಹುವಚನ ನನ್ನ ಲೇಖನಿಗೆ ಬರುವುದಿಲ್ಲ.

ಒಣ ಗಾಳಿ ಬೀಸುತ್ತಿದ್ದ ದಿನ. ಮಿಠಾಯಿ ಅಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಊಟದ ಮೇಜಿನ ಮೇಲೆ ಕಾಗದ ಹರಡಿ ಸಾಲಾಗಿ ಇಟ್ಟಿದ್ದೆವು. ಅಮ್ಮ ಕೈಬಳೆ ತೆಗೆದಿಟ್ಟು ಹಾಡು ಗುನುಗುತ್ತಿದ್ದಳು. ಆಟ ರದ್ದಾಗಿ ಅವನು ಮಧ್ಯಾಹ್ನವೇ ವಾಪಸ್ಸು ಬಂದ. ಬಾಗಿಲಲ್ಲಿ ನಿಂತು ಮೇಜು ನೋಡಿದ. ಕೂಗಲಿಲ್ಲ, ಹೊಡೆಯಲಿಲ್ಲ. ಬಹಳ ಮೆಲ್ಲಗೆ ಕೇಳಿದ: "ಯಾರ ಅಪ್ಪಣೆ?"

ಅಮ್ಮ, "ಮಕ್ಕಳು ಆಸೆಪಟ್ಟವು" ಎಂದಳು.

"ಮಕ್ಕಳ ಹೆಸರು ಹೇಳಬೇಡ. ನಮ್ಮ ಶಾಲೆಯಲ್ಲಿ ಕದ್ದು ತಿಂದವನಿಗೆ ಶಿಕ್ಷೆ ಏನು ಗೊತ್ತಾ? ಕದ್ದಿದ್ದಷ್ಟನ್ನೂ ಅವನೇ ತಿಂದು ಮುಗಿಸಬೇಕು. ಗೋಡೆಗೆ ನಿಲ್ಲು."

ಅಮ್ಮ ಗೋಡೆಗೆ ಒರಗಿ ನಿಂತಳು. ನನ್ನನ್ನು ಎದುರಿಗೆ ಅಟೆನ್ಷನ್ ನಿಲ್ಲಿಸಿದ. ಕೊರಳಿನ ಸೀಟಿ ಬಾಯಿಗಿಟ್ಟು ಊದಿದ. ಅಮ್ಮ ಒಂದು ತಿಂದಳು. ಮತ್ತೆ ಊದಿದ. ಮತ್ತೊಂದು. ಒಂದೊಂದು ಸೀಟಿಗೆ ಒಂದೊಂದು. ತುಟಿ ಅಂಟಿಕೊಳ್ಳುತ್ತಿತ್ತು, ನೀರು ಕೇಳಿದರೆ ಕೊಡಲಿಲ್ಲ. ಅರ್ಧ ಮುಗಿಯುವ ಹೊತ್ತಿಗೆ ಮಲಗಿದ್ದ ನೀನು ಎದ್ದು ಬಂದೆ. ಸೀಟಿ ಕೇಳಿ, ಇದೇನೋ ಆಟ ಎಂದುಕೊಂಡು, ಒಂದೊಂದು ಸೀಟಿಗೂ ಚಪ್ಪಾಳೆ ತಟ್ಟುತ್ತಾ ನಕ್ಕೆ. ಇದು ನಿನ್ನ ಆ ಸಿಹಿ ನೆನಪು.

ನಿನ್ನ ತಪ್ಪು ಎಳ್ಳಷ್ಟೂ ಇಲ್ಲ. ಹಾಲು ಹಲ್ಲಿನ ಮಗು ನೀನು. ಆದರೆ ಮೂರು ವರ್ಷದವಳು ಕಂಡದ್ದನ್ನು ಮೂವತ್ತು ದಾಟಿದವಳು ಊರಿಗೆಲ್ಲ ಹಂಚುವ ಮೊದಲು ಅಕ್ಕನನ್ನು ಒಂದು ಮಾತು ಕೇಳಬಹುದಿತ್ತು. ನನ್ನ ಕೋಪ ಅಲ್ಲಿದೆ.

ಎಲ್ಲ ಮುಗಿದ ಮೇಲೆ ಅವನು ಪೇಪರ್ ಓದಲು ಕೂತ. ಅಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಹಿಡಿದುಕೊಂಡು ವಾಂತಿ ಮಾಡಿದಳು. ಆಮೇಲೆ ಬಂದು, ಒಣಗಿ ಅಂಟಿಕೊಂಡಿದ್ದ ಪಾತ್ರೆಯನ್ನು ಬಿಸಿನೀರು ಹಾಕಿ ತಿಕ್ಕಿ ತೊಳೆದು ಮೇಲಿನ ಅಟ್ಟಕ್ಕೆ ಇಟ್ಟಳು. ಆ ಪಾತ್ರೆ ಮತ್ತೆ ಕೆಳಗಿಳಿಯಲಿಲ್ಲ. ಹಬ್ಬವಿರಲಿ, ಹುಟ್ಟುಹಬ್ಬವಿರಲಿ, ಅಮ್ಮ ಸಾಯುವವರೆಗೂ ಸಿಹಿ ಬಾಯಿಗಿಡಲಿಲ್ಲ. "ಅಮ್ಮನಿಗೆ ಸಿಹಿ ಸೇರಲ್ಲ" ಎಂದು ನೀನು ನಿನ್ನ ಅತ್ತೆಮನೆಯವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದೆ.

ಸರಿ. ಕಾರ್ಯಕ್ರಮದ ದಿನ. ಗಾಳಿ ಒಣಗಿತ್ತು, ಬಿಸಿಲು ಚುರುಕಾಗಿತ್ತು. ಕೇಂದ್ರದ ದೊಡ್ಡ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಮುಂದೆ ಮೇಜು, ಮೇಜಿನ ಮೇಲೆ ಒಂಟಿ ಉರಿಯ ಗ್ಯಾಸ್ ಒಲೆ. ಹಿಂದಿನ ಕರಿಹಲಗೆಯ ಮೇಲೆ ಮೇಡಂ ಬಣ್ಣದ ಸೀಮೆಸುಣ್ಣದಲ್ಲಿ ಬರೆದಿದ್ದರು: "ಮೇಷ್ಟ್ರ ಬಿಳಿ ಮಿಠಾಯಿ". ಸುತ್ತ ಹೂವು ಬೇರೆ. ಅಪ್ಪನಿಗೆ ಇಸ್ತ್ರಿ ಮಾಡಿದ ಅಂಗಿ, ತಲೆಗೆ ಅಡುಗೆಯವರ ಬಿಳಿ ಟೋಪಿ. ಮದುಮಗನ ಹಾಗೆ ನಿಂತಿದ್ದರು.

ಮೊಟ್ಟೆ ಒಡೆದವಳು ನಾನು. ಪಾಕ ಇಟ್ಟವಳು ನಾನು. ಕಡೆದವಳು ನಾನು. ಅವರು ಕೈಯಲ್ಲಿ ಒಂದು ಚಮಚ ಹಿಡಿದುಕೊಂಡು ಭಾಷಣ ಮಾಡುತ್ತಿದ್ದರು. "ಆತುರ ಮಾಡಬಾರದು. ಪ್ರೀತಿಯಿಂದ ಕಡೀಬೇಕು. ನನ್ನ ಹೆಂಡತಿಗೆ ಕೈನೋವು ಅಂತ ನಾನೇ..." ಎಂದಾಗೆಲ್ಲ ಹೆಂಗಸರು ಪಿಸುಗುಟ್ಟುತ್ತಿದ್ದರು. ಒಬ್ಬಾಕೆ ತನ್ನ ಗಂಡನಿಗೆ ಮೊಣಕೈಯಿಂದ ತಿವಿದು, "ನೋಡಿ ಕಲೀರಿ" ಎಂದಳು. ನನ್ನ ತೋಳು ಉರಿಯುತ್ತಿತ್ತು. ಆದರೆ ಕೋಪದಷ್ಟು ಒಳ್ಳೆಯ ಮೋಟಾರು ನಿನ್ನ ಭಾವನ ಅಂಗಡಿಯಲ್ಲೂ ಇಲ್ಲ. ಬಿಳಿ ಉಬ್ಬಿ ಉಬ್ಬಿ ನಿಂತಿತು. ಪಾಕ ಹೊಯ್ದೆ. ಹೊಳಪು ಹೋಯಿತು. ಎರಡು ಚಮಚ ಹಿಡಿದು ಇಡತೊಡಗಿದೆ. ಆಗಲೇ ಕಂಡದ್ದು, ಆ ಎಡಕ್ಕೆ ತಿರುಗಿದ ಸುರುಳಿ.

ಕಾಗದ ತುಂಬ ಸಾಲು ಸಾಲು. ಎಲ್ಲರೂ ಚಪ್ಪಾಳೆ ತಟ್ಟಿದರು. ಮರಿ, ಆ ಚಪ್ಪಾಳೆ ಇಲ್ಲದಿದ್ದರೆ ನಾನು ಬಾಯಿ ಮುಚ್ಚಿಕೊಂಡು ಮನೆಗೆ ಬರುತ್ತಿದ್ದೆನೋ ಏನೋ. ಮೇಡಂ ಮೈಕು ನನ್ನ ಕೈಗೆ ಕೊಟ್ಟು, "ಮೇಷ್ಟ್ರ ಮಗಳು ಎರಡು ಮಾತು ಹೇಳ್ತಾರೆ" ಎಂದರು.

ಹೇಳಿದೆ. "ಇದು ಮೇಷ್ಟ್ರ ಮಿಠಾಯಿ ಅಲ್ಲ, ನಮ್ಮಮ್ಮಂದು. ಮೇಷ್ಟ್ರು ಇದನ್ನ ಒಂದೇ ಒಂದು ಸಲ ನೋಡಿದ್ದಾರೆ. ಆವತ್ತು ಏನಾಯ್ತು ಅಂತ ಹೇಳ್ತೀನಿ" ಎಂದು ಶುರು ಮಾಡಿ, ಗೋಡೆ, ಸೀಟಿ, ನೀರು ಕೊಡದಿದ್ದದ್ದು, ಹಿತ್ತಲಿನ ಕಲ್ಲು, ಎಲ್ಲ ಹೇಳಿದೆ. ಬಟ್ಟೆಯ ಅಳತೆ ಓದುವ ಹಾಗೆ ಹೇಳಿದೆ. ಮೇಡಂ, "ಸಾಕಮ್ಮ, ಇವತ್ತು ಬೇಡ, ದಯವಿಟ್ಟು ಬೇಡ" ಎನ್ನುತ್ತಾ ಮೈಕಿಗೆ ಕೈ ಚಾಚಿದರು. ನಾನು ಕೊಡಲಿಲ್ಲ.

ಅಪ್ಪನ ಕಡೆ ತಿರುಗಿ ನೋಡಿದೆ. ಏನಾದರೂ ಆಗಲಿ ಎಂದು ಕಾದೆ. ತಲೆ ತಗ್ಗಿಸಲಿ, ಸುಳ್ಳು ಎಂದು ಕೂಗಲಿ, ಹಿಂದಿನ ಹಾಗೆ ಕಣ್ಣು ಕೆಂಪಗೆ ಮಾಡಲಿ, ಕೈ ಎತ್ತಿದರೂ ಸರಿ. ಒಮ್ಮೆಯಾದರೂ ಎಲ್ಲರೂ ನೋಡಲಿ.

ಕಣ್ಣು ಕೆಂಪಗೆ ಮಾಡಿದರು. ಆ ಟೋಪಿ ಕಿತ್ತು ಮೇಜಿಗೆ ಬಡಿದು, "ಯಾವನು ಅವನು?" ಎಂದರು. "ಕಟ್ಟಿಕೊಂಡ ಹೆಂಡತಿಗೆ ಹಾಗೆ ಮಾಡೋದಾ? ಅವನು ಮನುಷ್ಯನಾ? ನನಗೆ ತೋರಿಸು, ಮಗಾ. ಅವನಿಗೆ ಮೈದಾನದ ಸುತ್ತ ಓಡಿಸಿ ಓಡಿಸಿ ಬುದ್ಧಿ ಕಲಿಸ್ತೀನಿ. ನಿಮ್ಮಮ್ಮ ಎಲ್ಲಿದ್ದಾಳೆ ಈಗ? ಪಾಪ, ಕರ್ಕೊಂಡು ಬಾ, ಇಲ್ಲಿ ಇರಲಿ. ನಾನಿದ್ದೀನಿ."

ಹೀಗೆಂದು ಕಾಗದದಿಂದ ಒಂದು ಮಿಠಾಯಿ ಎತ್ತಿ ನನ್ನ ಬಾಯಿಯ ಹತ್ತಿರ ಹಿಡಿದರು. "ತಿನ್ನು. ಹೆದರಬೇಡ. ಇಷ್ಟ ಇದ್ರೆ ತಿನ್ನು, ಇಲ್ಲದಿದ್ರೆ ಬೇಡ. ಯಾರೂ ಬಲವಂತ ಮಾಡಲ್ಲ."

ನಾನು ಏನು ಮಾಡಬೇಕಿತ್ತು, ನೀನೇ ಹೇಳು. ಇಷ್ಟು ವರ್ಷ ಹಲ್ಲು ಕಚ್ಚಿ ಹಿಡಿದಿಟ್ಟುಕೊಂಡ ಕಲ್ಲನ್ನು ಎತ್ತಿ ಎಸೆದೆ. ಅಲ್ಲಿ ತಾಗಿಸಿಕೊಳ್ಳಲು ಯಾರೂ ಇರಲಿಲ್ಲ. ಆ ಮನುಷ್ಯ ಯಾವಾಗಲೋ ಹಿಂಬಾಗಿಲಿಂದ ಹೊರಟುಹೋಗಿದ್ದಾನೆ. ಅವನ ಅಂಗಿ ತೊಟ್ಟು ನಿಂತಿದ್ದ ಮುದುಕ ನನ್ನ ಪರವಾಗಿ ಜಗಳಕ್ಕೆ ನಿಂತಿದ್ದಾನೆ. ನ್ಯಾಯ ಕೇಳಲು ಹೋದರೆ ಅಪರಾಧಿಯೇ ವಕೀಲನಾಗಿ ಎದುರು ಬಂದ ಹಾಗೆ.

ಎಲ್ಲರೂ ನನ್ನನ್ನು ನೋಡಿದ ರೀತಿ ನೀನು ನೋಡಬೇಕಿತ್ತು. ಅಮ್ಮನನ್ನು ಗೋಡೆಗೆ ನಿಲ್ಲಿಸಿದವಳು ನಾನೇ ಎನ್ನುವ ಹಾಗೆ. ಗಂಡನಿಗೆ ತಿವಿದಿದ್ದ ಆಕೆ, "ಎಷ್ಟಾದರೂ ಹೆತ್ತ ತಂದೆ" ಎಂದಳು. ಹೆತ್ತವಳು ಯಾರು ಎಂದು ಕೇಳುವ ಬಾಯಿ ಆ ಹೊತ್ತಿಗೆ ನನಗೆ ಉಳಿದಿರಲಿಲ್ಲ.

ಒಬ್ಬರು ಮಾತ್ರ ಎದ್ದು ಬಂದರು. ಅಲ್ಲಿ ಅವರನ್ನು ಹಲೋ ಅಜ್ಜಿ ಎನ್ನುತ್ತಾರೆ. ಮೊದಲು ಟೆಲಿಫೋನ್ ಆಫೀಸಿನಲ್ಲಿ ಕರೆ ಜೋಡಿಸುವ ಕೆಲಸದಲ್ಲಿದ್ದವರು. ಊರಿನ ಅರ್ಧ ಗುಟ್ಟು ಅವರ ಕಿವಿಯಲ್ಲೇ ಹಾದುಹೋಗಿದೆ ಎಂದು ತಮಾಷೆ ಮಾಡುತ್ತಾರೆ. ಕೋಲೂರಿಕೊಂಡು ಬಂದು, ಒಂದು ಮಿಠಾಯಿ ಬಾಯಿಗಿಟ್ಟು, ನಿಧಾನವಾಗಿ ಚಪ್ಪರಿಸಿ, "ಇದು ನಿಮ್ಮಮ್ಮ ಕಲಿಸಿದ್ದಾ?" ಎಂದು ಕೇಳಿದರು.

"ಹೌದು."

"ಮತ್ತೆ ಆ ಹಲಗೆ ಮೇಲೆ ಯಾಕೆ ಹಾಗೆ ಬರೆದಿದೆ?" ಎಂದವರೇ ಹೋಗಿ, ಬರಿಗೈಯಿಂದ "ಮೇಷ್ಟ್ರ" ಎನ್ನುವುದನ್ನು ಒರೆಸಿ, ಮೇಡಂ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಸೊಟ್ಟ ಅಕ್ಷರದಲ್ಲಿ "ಅಮ್ಮನ" ಎಂದು ಬರೆದರು. ಆಮೇಲೆ ಸಭೆಯ ಕಡೆ ತಿರುಗಿ, "ತಿನ್ನೋರು ಬಂದು ತಿನ್ನಿ. ಅವಮಾನ ಆಗಿದ್ದು ಮಿಠಾಯಿಗಲ್ಲ" ಎಂದರು. ಕೆಲವರು ಬಂದರು, ಕೆಲವರು ಎದ್ದು ಹೋದರು. ಅಪ್ಪ ಎಲ್ಲರಿಗಿಂತ ಮುಂದೆ ನಿಂತು ಹಂಚಿದರು.

ಇಷ್ಟು ನಡೆದದ್ದು. ನಿನ್ನ ಮೇಡಂ ಅತ್ತದ್ದು ನಿಜ. ಮರುದಿನ ನಾನು ಹೋಗಿ, ಅವರ ಕಾರ್ಯಕ್ರಮ ಹಾಳಾಗಿದ್ದಕ್ಕೆ ಬೇಸರವಿದೆ ಎಂದೆ. ಹೇಳಿದ್ದಕ್ಕೆ ಬೇಸರವಿದೆ ಎನ್ನಲಿಲ್ಲ. ಅಪ್ಪನ ಕ್ಷಮೆ ಕೇಳು ಎಂದು ನೀನು ಬರೆದಿದ್ದೀಯಲ್ಲ, ಕೇಳುವುದಿಲ್ಲ. ಅವರಿಗೆ ಸ್ನಾನ ಮಾಡಿಸುತ್ತೇನೆ, ಉಗುರು ಕತ್ತರಿಸುತ್ತೇನೆ, ಅನ್ನ ಕಲಸಿ ಕೊಡುತ್ತೇನೆ, ಒದ್ದೆಯಾದ ಹಾಸಿಗೆ ಬದಲಾಯಿಸುತ್ತೇನೆ. ಇದರಲ್ಲಿ ಒಂದಕ್ಕೂ ಕಡಿಮೆ ಮಾಡುವುದಿಲ್ಲ. ಕ್ಷಮೆ ಮಾತ್ರ ನನ್ನ ಹತ್ತಿರ ಕೇಳಬೇಡ. ಕೊಡಲೂ ಇಲ್ಲ, ಕೇಳಲೂ ಇಲ್ಲ.

ನಿನ್ನ ಮೇಲಿನ ಕೋಪವೂ ಪೂರ್ತಿ ಹೋಗಿಲ್ಲ. ಆದರೆ ನೀನು ನನ್ನ ತಂಗಿ. ಅಮ್ಮ ನಿನ್ನನ್ನು ನನ್ನ ಸೊಂಟಕ್ಕೇರಿಸಿ, "ಇವಳನ್ನ ನೋಡ್ಕೊ" ಎಂದು ಹೇಳಿದ್ದು ನನ್ನ ಪಾಲಿಗೆ ಇನ್ನೂ ಮುಗಿದಿಲ್ಲ. ಮಕ್ಕಳಿಗೆ ದೊಡ್ಡಮ್ಮನ ಮುತ್ತು ಕೊಡು. ನಿನ್ನವಳ ಫ್ರಾಕಿನ ಅಳತೆ ಕಳಿಸು, ಬಿಳಿ ಬಟ್ಟೆ ಉಳಿದಿದೆ. ನಿನ್ನ ಹೊಟ್ಟೆ ತಣ್ಣಗಿರಲಿ, ಮನೆ ತುಂಬ ಮಾತು ಇರಲಿ, ನಿನ್ನ ಮನೆಯಲ್ಲಿ ಯಾರೂ ಯಾರಿಗೂ ಹೆದರಿ ಒಲೆ ಹಚ್ಚುವ ಹಾಗಾಗದಿರಲಿ. ಅಕ್ಕ ಕೊಡಬಹುದಾದ ಆಶೀರ್ವಾದ ಇಷ್ಟೇ.

ನಿನ್ನ,
ಅಕ್ಕ

ಮರೆತ ಮಾತು: ಮರೆತಿರಲಿಲ್ಲ. ಬರೆಯಬಾರದು ಎಂದುಕೊಂಡಿದ್ದೆ. ಕಾಗದ ಮಡಚಿ ಲಕೋಟೆಗೆ ಹಾಕಿ, ಮತ್ತೆ ತೆಗೆದೆ.

ಕಾರ್ಯಕ್ರಮದ ದಿನ ಸಂಜೆ ಮನೆಗೆ ಬಂದು, ಅಪ್ಪನನ್ನು ಮಂಚದ ಮೇಲೆ ಕೂರಿಸಿ, ಕೆಳಗೆ ಕೂತು ಅವರ ಕಾಲುಚೀಲ ಬಿಚ್ಚುತ್ತಿದ್ದೆ. ಒಂದು ಕಾಲು ಬಿಚ್ಚಿ ಇನ್ನೊಂದಕ್ಕೆ ಕೈ ಹಾಕಿದಾಗ ನನ್ನ ತಲೆಯ ಮೇಲಿಂದ, ಗೋಡೆ ನೋಡುತ್ತಾ ಅಂದರು: "ಕೊನೇದು ಬಾಯಿಗೆ ಇಟ್ಕೊಂಡು, 'ಚೆನ್ನಾಗಿ ಬಂದಿದೆ' ಅಂದಳು."

ಮರಿ, ಅಮ್ಮ ಅದನ್ನು ಹೇಳಿದ್ದು ನಿಜ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಾನು ಹೆದರಬಾರದು ಎಂದು ನನ್ನನ್ನೇ ನೋಡುತ್ತಾ ಹೇಳಿದ್ದಳು. ನೀನು ಆ ಹೊತ್ತಿಗೆ ಆಟ ಸಾಕಾಗಿ ಒಳಗೆ ಹೋಗಿದ್ದೆ. ಆ ಮಾತನ್ನು ನಾನು ಯಾರಿಗೂ ಹೇಳಿಲ್ಲ. ನಿನ್ನ ಭಾವನಿಗೂ ಹೇಳಿಲ್ಲ. ಅವತ್ತು ಮೈಕಿನಲ್ಲೂ ಹೇಳಲಿಲ್ಲ, ಅದೊಂದು ನನ್ನದು ಎಂದು ಇಟ್ಟುಕೊಂಡಿದ್ದೆ.

ಅವರು ಮರೆತುಬಿಟ್ಟಿದ್ದಾರೆ ಎನ್ನುವುದೇ ನನ್ನ ಕೋಪವಾಗಿತ್ತು. ಮರೆತಿಲ್ಲ. ಆ ಮಾತನ್ನು ಇಷ್ಟು ವರ್ಷ ನನ್ನ ಹಾಗೆಯೇ ಅವರೂ ತಮ್ಮೊಳಗೆ ಇಟ್ಟುಕೊಂಡು ಬಂದಿದ್ದಾರೆ. ಅಮ್ಮ ಬದುಕಿದ್ದಾಗ ಒಂದು ಸಲವೂ ಬಾಯಿ ಬಿಡಲಿಲ್ಲ.

"ಯಾರು ಅಂದಿದ್ದು, ಅಪ್ಪಾ?" ಎಂದು ಕೇಳಿದೆ. ಅವರು ನನ್ನ ಮುಖ ನೋಡಿ, ನೀರು ಕೇಳಿದರು. ಕೊಟ್ಟೆ.